ಅಮೆರಿಕದ ಸಂಬಳದಲ್ಲಿ ಕೈಗೆ ಬರುವುದೆಷ್ಟು? ಫೆಡರಲ್ ಮತ್ತು ರಾಜ್ಯ ತೆರಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಅಮೆರಿಕದ ಕೆಲಸಕ್ಕೆ ಹೊರಟವರಿಗೂ ಅಲ್ಲಿಯೇ ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರುವವರಿಗೂ ಆಫರ್ ಪತ್ರದಲ್ಲಿ ಕಾಣುವುದು ವರ್ಷದ ಒಟ್ಟು ಸಂಬಳ ಮಾತ್ರ. ಮನೆ ಬಾಡಿಗೆ, ಕಾರಿನ ಕಂತು, ಊರಿಗೆ ಕಳಿಸುವ ಹಣ ಇವೆಲ್ಲವನ್ನೂ ನಿರ್ಧರಿಸುವುದು ಅದಲ್ಲ, ಕಡಿತಗಳೆಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬೀಳುವ ಮೊತ್ತ. ಆ ಮೊತ್ತವನ್ನು ಕೆಲಸಕ್ಕೆ ಸೇರುವ ಮೊದಲೇ ಅಂದಾಜು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಬೇರೆ ವರ್ಷವೆಂದು ಹೇಳದ ಕಡೆ ಅಂಕಿಗಳೆಲ್ಲ 2025ರ ತೆರಿಗೆ ವರ್ಷದವು. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಅಂಕಿಗಳು ವರ್ಷವರ್ಷವೂ ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಒಟ್ಟು ಸಂಬಳದಲ್ಲಿ ಏನೇನು ಮುರಿದುಕೊಳ್ಳುತ್ತಾರೆ?

ಫೆಡರಲ್ (ಕೇಂದ್ರ ಸರ್ಕಾರದ) ಆದಾಯ ತೆರಿಗೆ, ಸೋಶಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ನಿಧಿಯ ತೆರಿಗೆ, ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಯ ತೆರಿಗೆ ಈ ಮೂರು ದೇಶದ ಎಲ್ಲ ಕಡೆಯೂ ಇವೆ. ಇವುಗಳ ಮೇಲೆ ರಾಜ್ಯದ ಆದಾಯ ತೆರಿಗೆ, ಕೆಲವು ಊರುಗಳಲ್ಲಿ ನಗರದ ಅಥವಾ ಕೌಂಟಿಯ ತೆರಿಗೆ, ಕೊನೆಗೆ ನೀವೇ ಆರಿಸಿಕೊಂಡ ಆರೋಗ್ಯ ವಿಮೆಯ ಕಂತು ಮತ್ತು ನಿವೃತ್ತಿ ಉಳಿತಾಯ ಬರುತ್ತವೆ. ಭಾರತದಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು ಮಾತ್ರ. ಕರ್ನಾಟಕ ಸರ್ಕಾರ ನಮ್ಮ ಸಂಬಳದಲ್ಲಿ ಮುರಿದುಕೊಳ್ಳುವುದು ತಿಂಗಳಿಗೆ 200 ರೂಪಾಯಿಯ ಆಸುಪಾಸಿನ ವೃತ್ತಿ ತೆರಿಗೆಯನ್ನಷ್ಟೇ. ಆದ್ದರಿಂದ ರಾಜ್ಯದ ಪಾಲು ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದೆಂಬುದು ಹೊಸಬರ ಅಂದಾಜಿನಲ್ಲಿ ಮೊದಲು ತಪ್ಪಿಹೋಗುವ ಅಂಶ.

ಒಂದು ಸಮಾಧಾನವೂ ಇದೆ. ನಮ್ಮಲ್ಲಿ ಸಿಟಿಸಿ ಎಂಬ ಅಂಕಿಯೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲೂ ಸೇರಿರುತ್ತದೆ. ಅಮೆರಿಕದ ಆಫರ್ ಪತ್ರದಲ್ಲಿ ಮೂಲ ಸಂಬಳವೆಂದು ಬರೆದದ್ದರೊಳಗೆ ಕಂಪನಿಯ ಪಾಲಿನ ತೆರಿಗೆಯಾಗಲಿ ವಿಮೆಯಾಗಲಿ ಅಡಗಿರುವುದಿಲ್ಲ.

ಫೆಡರಲ್ ಆದಾಯ ತೆರಿಗೆಯನ್ನು ಹೇಗೆ ಲೆಕ್ಕ ಹಾಕಬೇಕು?

ಮೊದಲು ಸಂಬಳದಿಂದ ತೆರಿಗೆಗೆ ಮುಂಚಿನ ಕಡಿತಗಳನ್ನು ಕಳೆಯಬೇಕು, ಆಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಬೇಕು. 2025ಕ್ಕೆ ಇದು ಒಂಟಿಯಾಗಿ ರಿಟರ್ನ್ ಸಲ್ಲಿಸುವವರಿಗೆ 15,750 ಡಾಲರ್, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 31,500 ಡಾಲರ್. 2026ಕ್ಕೆ 16,100 ಮತ್ತು 32,200. ಉಳಿದದ್ದಕ್ಕೆ ಸ್ಲ್ಯಾಬ್ ಅನ್ವಯಿಸುತ್ತದೆ. ಒಂಟಿಯಾಗಿ ಸಲ್ಲಿಸುವವರಿಗೆ ಮೊದಲ 11,925 ಡಾಲರಿಗೆ ಶೇ. 10, ಅಲ್ಲಿಂದ 48,475ರವರೆಗೆ ಶೇ. 12, 1,03,350ರವರೆಗೆ ಶೇ. 22, 1,97,300ರವರೆಗೆ ಶೇ. 24, 2,50,525ರವರೆಗೆ ಶೇ. 32, 6,26,350ರವರೆಗೆ ಶೇ. 35, ಅದರಾಚೆಗೆ ಶೇ. 37.

“ಸಂಬಳ ಏರಿ ಮೇಲಿನ ಸ್ಲ್ಯಾಬಿಗೆ ಬಿದ್ದರೆ ಕೈಗೆ ಬರುವುದೇ ಕಡಿಮೆಯಾಗುತ್ತದೆ” ಎಂಬ ಮಾತು ಇಲ್ಲಿಯೂ ಕೇಳಿಬರುತ್ತದೆ, ಅಲ್ಲಿಯೂ ಕೇಳಿಬರುತ್ತದೆ. ಹಾಗಾಗುವುದಿಲ್ಲ, ಮೇಲಿನ ದರ ಆ ಗಡಿ ದಾಟಿದ ಭಾಗಕ್ಕೆ ಮಾತ್ರ.

ಸೋಶಿಯಲ್ ಸೆಕ್ಯುರಿಟಿಗೂ ಮೆಡಿಕೇರಿಗೂ ಸ್ಟ್ಯಾಂಡರ್ಡ್ ಡಿಡಕ್ಷನ್ನಿನ ರಿಯಾಯಿತಿ ಇಲ್ಲ, ಮೊದಲ ಡಾಲರಿನಿಂದಲೇ ಶೇ. 6.2 ಮತ್ತು ಶೇ. 1.45 ಹೋಗುತ್ತವೆ. ಸೋಶಿಯಲ್ ಸೆಕ್ಯುರಿಟಿಯ ಕಡಿತ 1,76,100 ಡಾಲರ್ ಸಂಬಳಕ್ಕೆ ನಿಂತುಬಿಡುತ್ತದೆ. ಮೆಡಿಕೇರಿಗೆ ಮಿತಿಯಿಲ್ಲ, ಸಂಬಳ 2 ಲಕ್ಷ ಡಾಲರ್ ದಾಟಿದ ಮೇಲೆ ಕಂಪನಿ ಇನ್ನೂ ಶೇ. 0.9 ಸೇರಿಸಿ ಹಿಡಿಯುತ್ತದೆ.

ಒಂದು ಪೂರ್ಣ ಉದಾಹರಣೆ ಕೊಡಬಹುದೇ?

ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಎಚ್-1ಬಿ ವೀಸಾದ ಮೇಲೆ ವರ್ಷಪೂರ್ತಿ ಕೆಲಸ ಮಾಡುವ, ಮದುವೆಯಾಗದ ಇಂಜಿನಿಯರ್ ಒಬ್ಬರಿದ್ದಾರೆಂದುಕೊಳ್ಳೋಣ. ಸಂಬಳ 1,20,000 ಡಾಲರ್. ಅವರು ಶೇ. 6ರಷ್ಟನ್ನು, ಅಂದರೆ 7,200 ಡಾಲರನ್ನು, 401ಕೆ ನಿವೃತ್ತಿ ಖಾತೆಗೆ ಹಾಕುತ್ತಾರೆ. ಆರೋಗ್ಯ ವಿಮೆಗೆ ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಡಾಲರ್ ಕಟ್ಟುತ್ತಾರೆ.

ಇವೆರಡನ್ನು ಕಳೆದರೆ 1,10,400, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 94,650 ಉಳಿಯುತ್ತದೆ. ಇದರ ಮೇಲೆ ಶೇ. 10ರ ಸ್ಲ್ಯಾಬಿನಲ್ಲಿ 1,192.50, ಶೇ. 12ರಲ್ಲಿ 4,386, ಶೇ. 22ರಲ್ಲಿ 10,158.50, ಒಟ್ಟು 15,737 ಡಾಲರ್ ಫೆಡರಲ್ ತೆರಿಗೆ. ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಲೆಕ್ಕಕ್ಕೆ ವಿಮೆಯ ಕಂತು ಮಾತ್ರ ಕಳೆಯುತ್ತದೆ, 401ಕೆ ಕಳೆಯುವುದಿಲ್ಲ. ಹಾಗಾಗಿ 1,17,600ರ ಮೇಲೆ ಶೇ. 7.65, ಅಂದರೆ 8,996.40. ನಾರ್ತ್ ಕ್ಯಾರೊಲೈನಾ ತನ್ನದೇ 12,750 ಡಾಲರಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು ಉಳಿದ 97,650ರ ಮೇಲೆ ಶೇ. 4.25 ವಿಧಿಸುತ್ತದೆ, ಅದು 4,150 ಡಾಲರ್.

ಎರಡು ವಾರಕ್ಕೊಮ್ಮೆ ಸಂಬಳ ಕೊಡುವ ಕಂಪನಿಯಾದರೆ ಪೇ ಸ್ಟಬ್ ಎಂಬ ಸಂಬಳದ ಚೀಟಿ ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

ಒಟ್ಟು ಸಂಬಳ: 4,615.38
ಆರೋಗ್ಯ ವಿಮೆ: 92.31
401ಕೆ: 276.92
ಫೆಡರಲ್ ತೆರಿಗೆ: 605.27
ಸೋಶಿಯಲ್ ಸೆಕ್ಯುರಿಟಿ: 280.43
ಮೆಡಿಕೇರ್: 65.58
ರಾಜ್ಯ ತೆರಿಗೆ: 159.62
ಕೈಗೆ ಬರುವುದು: 3,135.25

ವರ್ಷಕ್ಕೆ ಸುಮಾರು 81,516 ಡಾಲರ್. “ಮೂರನೇ ಒಂದು ಭಾಗ ತೆರಿಗೆಗೆ ಹೋಯಿತು” ಎಂದು ಇದನ್ನು ನೋಡಿದವರು ಹೇಳುವುದುಂಟು, ಲೆಕ್ಕ ಹಾಗಿಲ್ಲ. ತೆರಿಗೆಗಳು ಎಲ್ಲ ಸೇರಿ 28,883 ಡಾಲರ್, ಒಟ್ಟು ಸಂಬಳದ ಶೇ. 24ರಷ್ಟು. ಉಳಿದ ಕಡಿತದಲ್ಲಿ ದೊಡ್ಡ ಪಾಲು ಅವರದೇ ಉಳಿತಾಯ.

ನನ್ನ ಪೇ ಸ್ಟಬ್ ಈ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲವೇಕೆ?

ಮೇಲೆ ತೋರಿಸಿದ್ದು ವರ್ಷದ ನಿಜವಾದ ತೆರಿಗೆಯನ್ನು 26 ಕಂತುಗಳಿಗೆ ಹಂಚಿದ ಲೆಕ್ಕ. ಕಂಪನಿ ಮುರಿದುಕೊಳ್ಳುವುದು ನಿಜವಾದ ತೆರಿಗೆಯಲ್ಲ, ಕೋಷ್ಟಕದ ಪ್ರಕಾರ ಹಿಡಿದ ಮುಂಗಡ. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡವರಿಗೆ ಉಳಿದದ್ದೆಲ್ಲ ಸುಲಭ. ಉದಾಹರಣೆಗೆ, 2025ರ ಜುಲೈ 4ರಂದು ಸಹಿಯಾದ ಕಾನೂನು ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು 15,000ದಿಂದ 15,750ಕ್ಕೆ ಏರಿಸಿತು, ಆದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಅದೇ ವರ್ಷದ ಕಡಿತದ ಕೋಷ್ಟಕಗಳನ್ನು ಬದಲಿಸಲಿಲ್ಲ. ನಮ್ಮ ರಾಲಿಯ ಇಂಜಿನಿಯರ್‌ಗೆ ಇದರಿಂದ 750ರ ಶೇ. 22, ಅಂದರೆ 165 ಡಾಲರ್ ಹೆಚ್ಚಾಗಿ ಹಿಡಿದಂತಾಯಿತು. ನಾರ್ತ್ ಕ್ಯಾರೊಲೈನಾ ಕೂಡ ಕಡಿತದ ದರವನ್ನು ತೆರಿಗೆಯ ದರಕ್ಕಿಂತ ಶೇ. 0.1ರಷ್ಟು ಹೆಚ್ಚಾಗಿಯೇ ಇಟ್ಟಿದೆ. ಇಂಥ ಹೆಚ್ಚುವರಿ ಹಣ ರಿಟರ್ನ್ ಸಲ್ಲಿಸಿದಾಗ ರಿಫಂಡ್ ಆಗಿ ಮರಳುತ್ತದೆ.

ಇದೇ ಸಂಬಳ ಬೇರೆ ರಾಜ್ಯದಲ್ಲಾದರೆ?

ಅಲಾಸ್ಕಾ, ಫ್ಲಾರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ಟೆನೆಸ್ಸೀ, ಟೆಕ್ಸಸ್, ವಾಷಿಂಗ್ಟನ್, ವಯೋಮಿಂಗ್ ಈ ಒಂಬತ್ತು ರಾಜ್ಯಗಳು ಸಂಬಳದ ಮೇಲೆ ಆದಾಯ ತೆರಿಗೆ ಹಾಕುವುದಿಲ್ಲ. ಮೇಲಿನ ಇಂಜಿನಿಯರ್ ಟೆಕ್ಸಸ್‌ನ ಡಲ್ಲಸ್‌ನಲ್ಲಿದ್ದರೆ ಕೈಗೆ ಸುಮಾರು 85,667 ಡಾಲರ್ ಬರುತ್ತಿತ್ತು. ಇಲಿನಾಯ್ ಶೇ. 4.95, ಪೆನ್ಸಿಲ್ವೇನಿಯಾ ಶೇ. 3.07 ಎಂದು ಒಂದೇ ದರವಿಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ ಶೇ. 1ರಿಂದ 12.3ರವರೆಗೆ ಸ್ಲ್ಯಾಬುಗಳಿವೆ, ಸ್ಯಾನ್ ಹೋಸೆಯಲ್ಲಿ ಇದೇ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆ ಸುಮಾರು 6,000 ಡಾಲರ್ ಆಗುತ್ತದೆ, ಅದಲ್ಲದೆ ಎಸ್‌ಡಿಐ ಎಂಬ ಅಂಗವೈಕಲ್ಯ ವಿಮೆಗೆ ಶೇ. 1.2ರಂತೆ ಇನ್ನೂ 1,400 ಡಾಲರ್ ಹೋಗುತ್ತದೆ. ಈ ಎಸ್‌ಡಿಐಗೆ 2024ರಿಂದ ಸಂಬಳದ ಮಿತಿಯೇ ಇಲ್ಲವೆಂಬುದನ್ನು ಹಳೆಯ ಲೆಕ್ಕಪಟ್ಟಿ ಇಟ್ಟುಕೊಂಡವರು ಗಮನಿಸಬೇಕು.

ಡಲ್ಲಸ್‌ಗೂ ಸ್ಯಾನ್ ಹೋಸೆಗೂ ತೆರಿಗೆಯಲ್ಲಿರುವ ವ್ಯತ್ಯಾಸ ತಿಂಗಳಿಗೆ ಸುಮಾರು 620 ಡಾಲರ್. ಮನೆ ಬಾಡಿಗೆಯ ವ್ಯತ್ಯಾಸ ಇದನ್ನು ಸುಲಭವಾಗಿ ಮೀರಿಸುತ್ತದೆ. ಹಾಗಾಗಿ ಎರಡು ಆಫರುಗಳನ್ನು ತೂಗುವಾಗ ರಾಜ್ಯ ತೆರಿಗೆಯೊಂದನ್ನೇ ಹಿಡಿದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಟೆಕ್ಸಸ್‌ನಲ್ಲಿ ಮನೆ ಕೊಂಡವರು ಆಸ್ತಿ ತೆರಿಗೆಯ ಬಿಲ್ ಬಂದಾಗ ಇದನ್ನೇ ಹೇಳುತ್ತಾರೆ.

ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸವಿದ್ದರೆ?

ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ ಮನೆ ಮಾಡಿ ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗಿಬರುವವರದು ಇಂಥ ಪ್ರಕರಣ. ಕೆಲಸದ ಸ್ಥಳವಾದ ನ್ಯೂಯಾರ್ಕ್ ರಾಜ್ಯ ಮೊದಲು ತೆರಿಗೆ ಹಾಕುತ್ತದೆ. ನ್ಯೂ ಜೆರ್ಸಿ ತನ್ನ ಲೆಕ್ಕದಲ್ಲಿ ಅದಕ್ಕೆ ಕ್ರೆಡಿಟ್ (ತೆರಿಗೆಯಲ್ಲೇ ವಜಾ) ಕೊಡುತ್ತದೆ. ಎರಡೂ ರಾಜ್ಯಗಳಿಗೆ ರಿಟರ್ನ್ ಸಲ್ಲಿಸಬೇಕು, ಅಂದಾಜಿಗೆ ಎರಡರಲ್ಲಿ ಹೆಚ್ಚಿನ ತೆರಿಗೆಯನ್ನು ಹಿಡಿದುಕೊಂಡರೆ ಸಾಕು. ನ್ಯೂಯಾರ್ಕ್ ನಗರದ ಶೇ. 3.078ರಿಂದ 3.876ರವರೆಗಿನ ಪ್ರತ್ಯೇಕ ಆದಾಯ ತೆರಿಗೆ ನಗರದೊಳಗೆ ವಾಸಿಸುವವರಿಗೆ ಮಾತ್ರ, ಎಡಿಸನ್‌ನವರಿಗಿಲ್ಲ. ನ್ಯೂ ಜೆರ್ಸಿ ಮತ್ತು ಪೆನ್ಸಿಲ್ವೇನಿಯಾಗಳ ನಡುವೆ ಒಪ್ಪಂದವಿರುವುದರಿಂದ ಅಲ್ಲಿ ಸಂಬಳಕ್ಕೆ ವಾಸದ ರಾಜ್ಯದ ತೆರಿಗೆ ಮಾತ್ರ ಬೀಳುತ್ತದೆ. ಆದರೆ ಫಿಲಡೆಲ್ಫಿಯಾ ನಗರದ ಸಂಬಳ ತೆರಿಗೆ ಈ ಒಪ್ಪಂದದೊಳಗೆ ಬರುವುದಿಲ್ಲ. ಹೊರಗಿನಿಂದ ಬಂದು ಕೆಲಸ ಮಾಡುವವರೂ ಅದನ್ನು ಕಟ್ಟಬೇಕು. ಒಹಾಯೊದಲ್ಲಿಯೂ ನಗರಗಳ ತೆರಿಗೆ ಸಾಮಾನ್ಯ, ಕೊಲಂಬಸ್‌ನದು ಶೇ. 2.5.

401ಕೆ ಖಾತೆಗೆ ಹಾಕಿದಷ್ಟೂ ಕೈಗೆ ಬರುವುದು ಕಡಿಮೆಯಾಗುತ್ತದೆಯೇ?

ಕಡಿಮೆಯಾಗುತ್ತದೆ, ಆದರೆ ಹಾಕಿದಷ್ಟು ಅಲ್ಲ. ರಾಲಿಯ ಉದಾಹರಣೆಯಲ್ಲಿ 7,200 ಡಾಲರ್ ಹಾಕಿದ್ದರಿಂದ ಫೆಡರಲ್ ತೆರಿಗೆ 1,584 ಡಾಲರ್, ರಾಜ್ಯ ತೆರಿಗೆ 306 ಡಾಲರ್ ಇಳಿಯಿತು. ಕೈಯಿಂದ ಹೋದದ್ದು 5,310 ಡಾಲರ್ ಮಾತ್ರ. ರಾತ್ 401ಕೆ ಆರಿಸಿಕೊಂಡರೆ ಈಗಿನ ತೆರಿಗೆ ಇಳಿಯುವುದಿಲ್ಲ, ಹಾಕಿದ ಪೂರ್ತಿ ಹಣ ಕೈಯಿಂದಲೇ ಹೋಗುತ್ತದೆ. 2025ರಲ್ಲಿ ಎರಡೂ ಸೇರಿ 23,500 ಡಾಲರ್ ಮಿತಿ. 50 ವರ್ಷ ತುಂಬಿದವರಿಗೆ ಹೆಚ್ಚು.

ಯಾವ ಕಡಿತ ಯಾವ ತೆರಿಗೆಯ ಮುಂಚೆ ಕಳೆಯುತ್ತದೆ ಎಂಬುದರಲ್ಲಿ ರಾಜ್ಯಗಳು ಒಂದೇ ದಾರಿಯಲ್ಲಿಲ್ಲ. ಪೆನ್ಸಿಲ್ವೇನಿಯಾ 401ಕೆಗೆ ಹಾಕಿದ ಹಣದ ಮೇಲೂ ತನ್ನ ತೆರಿಗೆ ಹಾಕುತ್ತದೆ. ಎಚ್‌ಎಸ್‌ಎ ಎಂಬ ಆರೋಗ್ಯ ಉಳಿತಾಯ ಖಾತೆಗೆ ಸಂಬಳದ ಮೂಲಕ ಹಾಕಿದ ಹಣ ಫೆಡರಲ್ ತೆರಿಗೆಯನ್ನೂ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗಳನ್ನೂ ತಪ್ಪಿಸುತ್ತದೆ, ಆದರೆ ಕ್ಯಾಲಿಫೋರ್ನಿಯಾ ಮತ್ತು ನ್ಯೂ ಜೆರ್ಸಿ ಅದಕ್ಕೆ ರಾಜ್ಯ ತೆರಿಗೆಯ ವಿನಾಯಿತಿ ಕೊಡುವುದಿಲ್ಲ.

ಮದುವೆಯಾಗಿದ್ದು, ಸಂಗಾತಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಮನೆಯಲ್ಲಿದ್ದರೆ?

ಜಂಟಿ ರಿಟರ್ನ್‌ನಿಂದ ತೆರಿಗೆ ಗಣನೀಯವಾಗಿ ಇಳಿಯುತ್ತದೆ. ಅದೇ 1,20,000 ಸಂಬಳ, ಅದೇ ಕಡಿತಗಳಿದ್ದರೆ 31,500 ಕಳೆದು 78,900 ಉಳಿಯುತ್ತದೆ, ಜಂಟಿ ಸ್ಲ್ಯಾಬಿನ ಪ್ರಕಾರ ತೆರಿಗೆ 8,991 ಡಾಲರ್ ಮಾತ್ರ. ಒಂಟಿ ಲೆಕ್ಕಕ್ಕಿಂತ 6,746 ಡಾಲರ್ ಉಳಿಯಿತು. ಕುಟುಂಬಕ್ಕೆ ವಿಮೆ ಮಾಡಿಸಿದಾಗ ಕಂತು ಏರುವುದರಿಂದ ಈ ಲಾಭದ ಒಂದಿಷ್ಟು ಅಲ್ಲಿ ಕರಗುತ್ತದೆ.

ಸಂಗಾತಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಡಬ್ಲ್ಯೂ-7 ಅರ್ಜಿಯ ಮೂಲಕ ಐಟಿಐಎನ್ ಎಂಬ ತೆರಿಗೆದಾರರ ಗುರುತಿನ ಸಂಖ್ಯೆ ಪಡೆಯಬೇಕು. ಮಕ್ಕಳ ವಿಷಯದಲ್ಲಿ ಒಂದು ವ್ಯತ್ಯಾಸವಿದೆ: ಅಮೆರಿಕದಲ್ಲಿ ಹುಟ್ಟಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಮಗುವಿಗೆ 2,200 ಡಾಲರ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ, ಊರಿನಲ್ಲಿ ಹುಟ್ಟಿ ಎಚ್-4ನಲ್ಲಿ ಬಂದ, ಐಟಿಐಎನ್ ಮಾತ್ರ ಇರುವ ಮಗುವಿಗೆ 500 ಡಾಲರ್ ಕ್ರೆಡಿಟ್ ಮಾತ್ರ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಡಬ್ಲ್ಯೂ-4 ಹೇಗೆ ತುಂಬಬೇಕು?

ಏಪ್ರಿಲ್‌ನಲ್ಲಿ ರಿಟರ್ನ್ ಸಲ್ಲಿಸುವಾಗ ದೊಡ್ಡ ಮೊತ್ತ ಕಟ್ಟಬೇಕಾಗಿ ಬರುವುದು ಹೆಚ್ಚಾಗಿ, ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ತಿಳಿಸಲು ತುಂಬಿಕೊಡುವ ಈ ಫಾರ್ಮಿನಿಂದಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಇಬ್ಬರಿಗೂ 1,20,000 ಸಂಬಳ, ಇಬ್ಬರ ಕಡಿತಗಳೂ ಮೇಲಿನಂತೆಯೇ ಎನ್ನಿ. ಇಬ್ಬರೂ ತಮ್ಮ ತಮ್ಮ ಕಂಪನಿಯ ಫಾರ್ಮಿನಲ್ಲಿ “ಜಂಟಿ” ಎಂದು ಮಾತ್ರ ಗುರುತಿಸಿ ಕೊಟ್ಟರೆ, ಪ್ರತಿ ಕಂಪನಿಯೂ ಮನೆಗೆ ತನ್ನದೊಂದೇ ಸಂಬಳವೆಂದು ಭಾವಿಸಿ ಪೂರ್ತಿ ಜಂಟಿ ಡಿಡಕ್ಷನ್ ಮತ್ತು ಕೆಳಗಿನ ಸ್ಲ್ಯಾಬುಗಳನ್ನು ಕೊಟ್ಟುಬಿಡುತ್ತದೆ. ತಲಾ ಸುಮಾರು 9,000ದಂತೆ ಇಬ್ಬರಿಂದ ಹಿಡಿದದ್ದು 18,000 ಡಾಲರಿನ ಆಸುಪಾಸು. ನಿಜವಾದ ಜಂಟಿ ತೆರಿಗೆ 31,474 ಡಾಲರ್. ಕೊರತೆ 13 ಸಾವಿರ ಡಾಲರಿಗೂ ಹೆಚ್ಚು, ಮೇಲೆ ದಂಡದ ಬಡ್ಡಿ ಬೇರೆ.

2020ರಲ್ಲಿ ಹೊಸದಾಗಿ ರೂಪಿಸಿದ ಡಬ್ಲ್ಯೂ-4ರ ಎರಡನೇ ಹಂತದಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಚೌಕವಿದೆ. ಇಬ್ಬರ ಸಂಬಳವೂ ಹತ್ತಿರಹತ್ತಿರವಿದ್ದರೆ ಇಬ್ಬರೂ ತಮ್ಮ ಫಾರ್ಮಿನಲ್ಲಿ ಅದಕ್ಕೆ ಗುರುತು ಹಾಕಬೇಕು. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಸಂಬಳಗಳಲ್ಲಿ ಹೆಚ್ಚು ಅಂತರವಿದ್ದರೆ ನಾಲ್ಕನೇ ಹಂತದಲ್ಲಿ ಪ್ರತಿ ಕಂತಿಗೆ ಇಷ್ಟು ಹೆಚ್ಚುವರಿ ಹಿಡಿಯಿರಿ ಎಂದು ಬರೆಯುವುದು ಉತ್ತಮ. ಎಚ್-4ನಲ್ಲಿದ್ದವರು ಕೆಲಸದ ಅನುಮತಿ ಪಡೆದು ದುಡಿಯಲು ತೊಡಗಿದ ದಿನವೇ ಸಂಗಾತಿಯ ಹಳೆಯ ಡಬ್ಲ್ಯೂ-4 ಕೂಡ ಬದಲಾಗಬೇಕು. ಅದನ್ನು ಯಾರೂ ನೆನಪಿಸುವುದಿಲ್ಲ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓಪಿಟಿ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿ) ಪಡೆದು ಕೆಲಸ ಮಾಡುವವರ ಲೆಕ್ಕ ಬೇರೆಯೇ?

ಬೇರೆ. ಅಮೆರಿಕಕ್ಕೆ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಎಫ್-1 ವಿದ್ಯಾರ್ಥಿಗಳನ್ನು ತೆರಿಗೆಯ ದೃಷ್ಟಿಯಿಂದ ಸಾಮಾನ್ಯವಾಗಿ ಅನಿವಾಸಿಗಳೆಂದು ಎಣಿಸಲಾಗುತ್ತದೆ. ಅವರ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿಯನ್ನೂ ಮೆಡಿಕೇರನ್ನೂ ಹಿಡಿಯಬಾರದು. ಅನಿವಾಸಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲದಿದ್ದರೂ, ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳಿಗೆ ಅದು ಸಿಗುತ್ತದೆ. ಬೇರೆ ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗೆ ಈ ಅನುಕೂಲವಿಲ್ಲದಿರುವುದರಿಂದ ಸಹಪಾಠಿಗಳ ಲೆಕ್ಕವನ್ನು ನಕಲು ಮಾಡಬಾರದು.

ಅಕ್ಟೋಬರ್ 1ರಂದು ಎಚ್-1ಬಿಗೆ ಬದಲಾದ ಕೂಡಲೇ ಶೇ. 7.65ರ ಕಡಿತ ಶುರುವಾಗುತ್ತದೆ. ನಮ್ಮ ಉದಾಹರಣೆಯ ಸಂಬಳಕ್ಕೆ ಅದು ಪ್ರತಿ ಎರಡು ವಾರಕ್ಕೆ 346 ಡಾಲರ್. ವೀಸಾ ಸಿಕ್ಕಿದ ಖುಷಿಯಲ್ಲಿ ದೊಡ್ಡ ಬಾಡಿಗೆಯ ಮನೆಗೆ ಕರಾರು ಮಾಡುವ ಮೊದಲು ಇದನ್ನು ಕಳೆದು ನೋಡಬೇಕು. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದಿರುವುದರಿಂದ, ಎಚ್-1ಬಿಯಲ್ಲಿ ಕಟ್ಟಿದ ಅವಧಿ ನಮ್ಮ ಭವಿಷ್ಯನಿಧಿಯ ಲೆಕ್ಕಕ್ಕೆ ಸೇರುವುದೂ ಇಲ್ಲ.

ಓಪಿಟಿಯಲ್ಲಿದ್ದಾಗಲೇ ಕಂಪನಿ ತಪ್ಪಾಗಿ ಹಿಡಿದಿದ್ದರೆ ಮೊದಲು ಕಂಪನಿಯ ಪೇರೋಲ್ ವಿಭಾಗವನ್ನೇ ಕೇಳಬೇಕು. ಅವರು ಮರಳಿಸದಿದ್ದರೆ ಐಆರ್‌ಎಸ್‌ಗೆ 843ನೇ ನಮೂನೆಯಲ್ಲಿ ಅರ್ಜಿ ಹಾಕಬಹುದು.

ವರ್ಷದ ನಡುವೆ ಭಾರತದಿಂದ ಎಚ್-1ಬಿಯಲ್ಲಿ ಬಂದವರು ಏನು ಗಮನಿಸಬೇಕು?

ಅಲ್ಲಿ ಕಳೆದ ದಿನಗಳ ಎಣಿಕೆಯನ್ನು. ಹಿಂದೆ ಅಮೆರಿಕದಲ್ಲಿ ಇರದಿದ್ದವರು ಜುಲೈ 2ರಂದು ಬಂದಿಳಿದು ವರ್ಷದ ಕೊನೆಯವರೆಗೆ ಅಲ್ಲೇ ಇದ್ದರೆ ಸರಿಯಾಗಿ 183 ದಿನವಾಗಿ, ಬಂದ ದಿನದಿಂದ ನಿವಾಸಿಗಳಾಗುತ್ತಾರೆ. ಅಕ್ಟೋಬರ್‌ನಲ್ಲಿ ಬಂದವರು ಆ ವರ್ಷದ ಮಟ್ಟಿಗೆ ಸಾಮಾನ್ಯವಾಗಿ ಅನಿವಾಸಿಗಳೇ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ, ಜಂಟಿ ರಿಟರ್ನ್ ಕೂಡ ಇಲ್ಲ. ಮದುವೆಯಾದವರಿಗೆ ವರ್ಷಪೂರ್ತಿ ನಿವಾಸಿಗಳೆಂದು ಎಣಿಸಿಕೊಳ್ಳುವ ಆಯ್ಕೆ ಕೆಲವು ಸಂದರ್ಭಗಳಲ್ಲಿ ಇದೆ, ಆದರೆ ಆಗ ಬೆಂಗಳೂರಿನಲ್ಲಿ ಅದೇ ವರ್ಷ ಗಳಿಸಿದ ಸಂಬಳವನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಮೊದಲ ವರ್ಷದ ರಿಟರ್ನ್‌ಗೆ ಮಾತ್ರ ದುಡ್ಡು ಕೊಟ್ಟಾದರೂ ತಿಳಿದವರ ನೆರವು ಪಡೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಮೇಲಿನ ವರ್ಷಗಳದ್ದನ್ನು ಹೆಚ್ಚಿನವರು ತಾವೇ ಮಾಡಿಕೊಳ್ಳಬಲ್ಲರು.

ಬೋನಸ್ ಮತ್ತು ಶೇರುಗಳಿಗೆ ಎಷ್ಟು ಹಿಡಿಯುತ್ತಾರೆ?

ಬೋನಸ್ಸನ್ನು ಸಂಬಳದಿಂದ ಪ್ರತ್ಯೇಕವಾಗಿ ಕೊಟ್ಟಾಗ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಫೆಡರಲ್ ಕಡಿತ ಸಾಮಾನ್ಯವಾಗಿ ಶೇ. 22, ಅದರಾಚೆಗೆ ಶೇ. 37. ಕಂಪನಿ ಸಂಬಳದ ಭಾಗವಾಗಿ ಕೊಟ್ಟು ಕೈಗೆ ಬರುವ ಆರ್‌ಎಸ್‌ಯು ಶೇರುಗಳಿಗೂ ಇದೇ ನಿಯಮ. ಕ್ಯಾಲಿಫೋರ್ನಿಯಾ ಇವೆರಡಕ್ಕೂ ಶೇ. 10.23 ಹಿಡಿಯುತ್ತದೆ. ಬೋನಸ್ಸಿಗೆ ಹೆಚ್ಚು ತೆರಿಗೆ ಎಂಬ ದೂರಿನಲ್ಲಿ ಹುರುಳಿಲ್ಲ, ವರ್ಷದ ಕೊನೆಗೆ ಅದೂ ಸಂಬಳದ ಜೊತೆಗೇ ಸೇರಿ ಅದೇ ಸ್ಲ್ಯಾಬುಗಳಲ್ಲಿ ಹೋಗುತ್ತದೆ. ತೊಂದರೆ ಬರುವುದು ತಿರುಗುಮುರುಗಾಗಿ: ಶೇ. 32 ಅಥವಾ 35ರ ಸ್ಲ್ಯಾಬಿನಲ್ಲಿರುವವರಿಗೆ ಶೇರುಗಳ ಮೇಲೆ ಶೇ. 22 ಮಾತ್ರ ಹಿಡಿದಿರುವುದರಿಂದ 1,00,000 ಡಾಲರ್ ಮೌಲ್ಯದ ಶೇರಿಗೆ 10 ರಿಂದ 13 ಸಾವಿರ ಡಾಲರ್ ಬಾಕಿ ಉಳಿಯುತ್ತದೆ.

ವರ್ಷದ ನಡುವೆ ಕೈಗೆ ಬರುವ ಸಂಬಳ ತಾನಾಗಿ ಬದಲಾಗುವುದೇಕೆ?

ಸಂಬಳ 1,76,100 ದಾಟಿದವರಿಗೆ ಸೋಶಿಯಲ್ ಸೆಕ್ಯುರಿಟಿ ಕಡಿತ ನಿಂತು ವರ್ಷದ ಕೊನೆಯ ತಿಂಗಳುಗಳಲ್ಲಿ ಹೆಚ್ಚು ಬರುತ್ತದೆ, ಜನವರಿಯಲ್ಲಿ ಮತ್ತೆ ಇಳಿಯುತ್ತದೆ. ನಡುವೆ ಕಂಪನಿ ಬದಲಿಸಿದರೆ ಹೊಸ ಕಂಪನಿ ಸೊನ್ನೆಯಿಂದ ಎಣಿಸಲು ತೊಡಗುತ್ತದೆ, 10,918.20 ಡಾಲರಿಗಿಂತ ಹೆಚ್ಚಾಗಿ ಹೋದದ್ದನ್ನು ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು. ಎರಡು ವಾರಕ್ಕೊಮ್ಮೆ ಸಂಬಳ ಪಡೆಯುವವರಿಗೆ ವರ್ಷದಲ್ಲಿ ಸಾಮಾನ್ಯವಾಗಿ ಎರಡು ತಿಂಗಳು ಮೂರು ಕಂತು ಬರುತ್ತದೆ. ತಿಂಗಳ ಖರ್ಚಿನ ಯೋಜನೆಯನ್ನು ಎರಡು ಕಂತಿನ ಮೇಲೆಯೇ, ಅಂದರೆ ಮೇಲಿನ ಉದಾಹರಣೆಯಲ್ಲಿ 6,270 ಡಾಲರಿನ ಮೇಲೆಯೇ, ಹಾಕಿಕೊಳ್ಳಬೇಕು.

ಕಡಿಮೆ ಹಿಡಿದಿದ್ದಾರೆಂದು ತಡವಾಗಿ ಗೊತ್ತಾದರೆ?

ಐಆರ್‌ಎಸ್ ಜಾಲತಾಣದಲ್ಲಿರುವ ಕಡಿತದ ಅಂದಾಜು ಸಾಧನದಲ್ಲಿ ಇತ್ತೀಚಿನ ಪೇ ಸ್ಟಬ್‌ನ ಅಂಕಿಗಳನ್ನು ತುಂಬಿದರೆ ಕೊರತೆ ಎಷ್ಟೆಂದು ತಿಳಿಯುತ್ತದೆ. ವರ್ಷದ ತೆರಿಗೆಯ ಶೇ. 90ನ್ನು ಅಥವಾ ಹಿಂದಿನ ವರ್ಷದ ತೆರಿಗೆಯಷ್ಟನ್ನು ಈಗಾಗಲೇ ಕಟ್ಟಿದ್ದರೆ ದಂಡವಿಲ್ಲ. ಹಿಂದಿನ ವರ್ಷದ ಆದಾಯ 1,50,000 ಡಾಲರ್ ಮೀರಿದ್ದವರು ಹಿಂದಿನ ತೆರಿಗೆಯ ಶೇ. 110ರಷ್ಟನ್ನು ಕಟ್ಟಿರಬೇಕು. ಬಾಕಿ 1,000 ಡಾಲರಿನೊಳಗಿದ್ದರೂ ದಂಡ ಬೀಳುವುದಿಲ್ಲ. ಕೊರತೆ ತುಂಬಲು ಹೊಸ ಡಬ್ಲ್ಯೂ-4 ಕೊಟ್ಟು ಉಳಿದ ಕಂತುಗಳಲ್ಲಿ ಹೆಚ್ಚು ಹಿಡಿಸುವುದು, ನೇರವಾಗಿ ಅಂದಾಜು ತೆರಿಗೆ ಕಟ್ಟುವುದಕ್ಕಿಂತ ಅನುಕೂಲ; ಸಂಬಳದಲ್ಲಿ ಹಿಡಿದ ತೆರಿಗೆ ಡಿಸೆಂಬರ್‌ನಲ್ಲಿ ಹೋದರೂ ವರ್ಷವಿಡೀ ಸಮನಾಗಿ ಕಟ್ಟಿದಂತೆ ಎಣಿಕೆಯಾಗುತ್ತದೆ.